ತೂಬಿನ ಸಂದಿಯ ಸಿಂಪಿ

ಪಿಲಾರ್, ಕಾಪಿಸ್ ಪ್ರಾಂತ್ಯ
ಮಾರ್ಚ್ 4, 2019, ಸೋಮವಾರ

ವೆನಿಂಗ್, ಮಗಳೇ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ಹದಿನಾರು ವರ್ಷ ಯಾರ ಹೆಸರನ್ನು ಮನೆಯಲ್ಲಿ ಎತ್ತಲು ಬಿಡಲಿಲ್ಲವೋ ಅವಳಿಗೆ ಆ ಮಾತು ಬರೆಯಲು ಮುಖ ಬೇಕಲ್ಲ, ಅದು ನನಗಿಲ್ಲ. ಸೊಸೆಯಾದ ನಿನ್ನನ್ನು ಕರೆಯುತ್ತಿದ್ದ 'ಮಗಳೇ' ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಬೇಡವೆನಿಸಿದರೆ ನೀನೇ ಗೀಟು ಎಳೆದುಬಿಡು. ಹೇಗಿದ್ದೀಯ? ಒಲೆಯ ಮುಂದೆ ಕೂತು ಕೂತು ನಿನಗೆ ಕಣ್ಣುರಿ ಬರುತ್ತಿತ್ತು, ಈಗ ವಾಸಿಯೇ? ನಿನ್ನ ಅಪ್ಪ ಹರ್ಮಿನಿಯೋ ಹೋದ ವರ್ಷ ತೀರಿಕೊಂಡರೆಂದು ತಿಳಿಯಿತು. ಒಳ್ಳೆಯವರು. ಅವರಿಗೊಂದು ಮಾತು ಹೇಳುವುದಿತ್ತು, ಹೇಳದೆ ಉಳಿಯಿತು, ಅದನ್ನು ಮುಂದೆ ಬರೆಯುತ್ತೇನೆ. ನನ್ನ ಸುದ್ದಿ ಏನು ಹೇಳಲಿ, ಎಪ್ಪತ್ತೆಂಟಾಯಿತು. ಮಂಡಿ ಎರಡೂ ಕೈಕೊಟ್ಟಿವೆ. ಕಡಲ ಸಿಂಪಿಯ ಚಿಪ್ಪು ಒಡೆದು ಒಡೆದು ಬೆರಳು ಸೊಟ್ಟಾಗಿವೆ, ಅದಕ್ಕೇ ಅಕ್ಷರ ಹೀಗೆ. 'ಲೋಲಾ, ನಿನ್ನ ಮೈಯಲ್ಲಿ ಸವೆಯದೆ ಉಳ್ದಿರೋದು ನಾಲಿಗೆ ಒಂದೇ' ಎನ್ನುತ್ತಾನೆ ಆಂದ್ರೋ. ಲೋಲಾ ಎಂದು ಕರೆಯುವ ಅಜ್ಜಿಯ ಬಗ್ಗೆ ಮೊಮ್ಮಗ ಆಡುವ ಮಾತು ನೋಡು. ಆದರೆ ಸುಳ್ಳೇನಲ್ಲ, ಆ ನಾಲಿಗೆ ಏನೆಲ್ಲ ಮಾಡಿದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

ಮಿಲಾ ಬಸುರಿಯಾಗಿ ನಾಲ್ಕು ತಿಂಗಳು ತುಂಬಿತೆಂದು ಆಂದ್ರೋ ಹೇಳಿದ. ನಿನ್ನ ಮಕ್ಕಳು, ಅಣ್ಣ ತಂಗಿ, ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಮೂರು ತಿಂಗಳಾಯಿತು, ನಿನಗೂ ಗೊತ್ತಿರಬೇಕು. ನಾನು ಈ ಪತ್ರ ಬರೆಯುತ್ತಿರುವುದು ಮಿಲಾಳ ಹೊಟ್ಟೆಯಲ್ಲಿರುವ ಮಗುವಿಗಾಗಿ. ಅವಳ ಅಪ್ಪನ, ಅಂದರೆ ನನ್ನ ಮಗ ಅನ್ಸೆಲ್ಮೋನ, ಮೈ ತಿರುಚಿ ಕೊಂದ ಕಾಯಿಲೆಯ ಬಗ್ಗೆ ಅವಳಿಗೆ ತಿಳಿಯಲೇಬೇಕಾದ ಒಂದು ವಿಷಯವಿದೆ. ಅದು ಫೋನಿನಲ್ಲಿ ಹೇಳುವ ಮಾತಲ್ಲ, ತಾಯಿ ಪಕ್ಕದಲ್ಲಿ ಕೂತು ಹೇಳಬೇಕಾದದ್ದು. ನೀನೇ ಹೇಳಬೇಕು. ಆದರೆ ನೀನು ನನ್ನನ್ನು ಯಾಕೆ ನಂಬಬೇಕು? ಇದೇ ಕಾಯಿಲೆಯ ಬಗ್ಗೆ ಈ ಮುದುಕಿ ನಿನಗೆ ಹೇಳಿದ ಒಂದು ಮಾತೂ ನಿಜವಿರಲಿಲ್ಲ. ಹಾಗಾಗಿ ಮೊದಲು ನನ್ನ ಸುಳ್ಳುಗಳನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತೇನೆ, ಆಮೇಲೆ ನಿಜ ಹೇಳುತ್ತೇನೆ. ನಾಡಿದ್ದು ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದಕ್ಕೆ ಮುಂಚೆ ಮುಗಿಸಬೇಕು. ಪಾದ್ರಿಗಳ ಹತ್ತಿರ ಹೇಳಿಕೊಂಡೆ. ಅವರು ಸಣ್ಣ ವಯಸ್ಸಿನವರು, ಹತ್ತು ಪ್ರಾರ್ಥನೆ ಹೇಳಮ್ಮ ಎಂದರು. ಹತ್ತಕ್ಕೆ ತೀರುವ ಪಾಪವಾಗಿದ್ದರೆ ಆ ಹೊತ್ತೇ ತೀರುತ್ತಿತ್ತು.

ಮೊದಲ ಸುಳ್ಳು ನಿನ್ನ ಅಪ್ಪನಿಗೆ ಹೇಳಿದ್ದು. ನಾವು ಹೆಣ್ಣು ಕೇಳಲು ನಿಮ್ಮ ಸಿಕಿಹೋರ್ ದ್ವೀಪಕ್ಕೆ ಬಂದ ದಿನ ನೆನಪಿದೆಯೇ? ಹುರಿದ ಹಂದಿ ಹೊತ್ತುಕೊಂಡು, ನಮ್ಮ ಪರವಾಗಿ ಮಾತಾಡಲು ಊರ ಹಿರಿಯನೊಬ್ಬನನ್ನು ಕರೆದುಕೊಂಡು, ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದೆವು. ಎಲ್ಲ ಮಾತುಕತೆ ಮುಗಿದ ಮೇಲೆ ನಿನ್ನ ಅಪ್ಪ ಕಳ್ಳಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿ, ನಯವಾಗಿಯೇ ಕೇಳಿದರು. 'ತಪ್ಪು ತಿಳ್ಕೋಬೇಡಿ ತಾಯಿ, ನಿಮ್ ಕಡೆ ಗಂಡಸ್ರಿಗೆ ಮೈ ತಿರುಚ್ಕೊಳ್ಳೋ ಕಾಯ್ಲೆ ಬರುತ್ತಂತಲ್ಲ, ನಿಮ್ಮನೇಲಿ ಯಾರಿಗಾದ್ರೂ ಇದೆಯಾ?' ಎಂದರು. ನೀನು ಒಳಗಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ. ನಾನು ಕಣ್ಣು ಕೂಡ ಮಿಟುಕಿಸಲಿಲ್ಲ. 'ನಮ್ಮನೇಲಾ? ದೇವ್ರಾಣೆ ಇಲ್ಲ. ತಮ್ಮ ಒಬ್ಬ ತೆಂಗಿನ ಮರದಿಂದ ಬಿದ್ದು ಸೊಂಟ ಸೊಟ್ಟಾಗಿದೆ, ಅಷ್ಟೇ' ಎಂದೆ. ನನ್ನ ತಮ್ಮ ಕಾಸ್ಟೋ ಜನ್ಮದಲ್ಲಿ ತೆಂಗಿನ ಮರ ಹತ್ತಿದವನಲ್ಲ. ಏಣಿಯ ಮೂರನೆಯ ಮೆಟ್ಟಿಲಿಗೇ ಅವನಿಗೆ ತಲೆ ತಿರುಗುತ್ತಿತ್ತು. ಮೂವತ್ತೊಂಬತ್ತಕ್ಕೆ ಅವನ ಎಡಪಾದ ನಡೆಯುವಾಗ ಒಳಕ್ಕೆ ತಿರುಗತೊಡಗಿತು, ಆಮೇಲೆ ಕತ್ತು, ಆಮೇಲೆ ದವಡೆ. ನಮ್ಮ ಸೋದರಮಾವನಿಗೂ ಹೀಗೆಯೇ ಆಗಿತ್ತು. ಊರಲ್ಲಿ ಇದಕ್ಕೆ ಲುಬಾಗ್ ಎನ್ನುತ್ತಾರೆ, ತಿರುಚುವುದು ಎಂದು ಅರ್ಥ. ಹೆಸರು ಗೊತ್ತು, ಕಾಯಿಲೆ ಗೊತ್ತು, ಆದರೂ ದೇವರ ಮೇಲೆ ಆಣೆ ಹಾಕಿದೆ.

ಆಣೆ ಹಾಕಿ ಬಂದವಳಿಗೆ ಮನೆಯಲ್ಲಿ ಕಾಸ್ಟೋನನ್ನು ಇಟ್ಟುಕೊಳ್ಳುವುದು ಹೇಗೆ? ನೀನು ಸೊಸೆಯಾಗಿ ಬರುವುದಕ್ಕೆ ಒಂದು ವಾರ ಮುಂಚೆ ಅವನನ್ನು ಮೀನುಹೊಂಡದ ಕಾವಲು ಗುಡಿಸಲಿಗೆ ಸಾಗಿಸಿದೆ. ಮದುವೆ ಮುಗಿಯುವ ತನಕ ಇರಪ್ಪ ಎಂದು ಹೇಳಿದ್ದೆ. ಅವನು ಎರಡು ವರ್ಷ ಅಲ್ಲೇ ಇದ್ದು ಅಲ್ಲೇ ಸತ್ತ. ಹೊಂಡದ ಕಾವಲುಗಾರನಿಗೆ ಎಂದು ನಿನಗೆ ಹೇಳಿ ವಾರಕ್ಕೆ ಮೂರು ಸಲ ಗಂಜಿ ಒಯ್ಯುತ್ತಿದ್ದೆನಲ್ಲ, ಅದು ಅವನಿಗೆ. ಒಂದು ಸಲ ನೀನು 'ನಾನೇ ಕೊಟ್ಬರ್ತೀನಿ ನಾನಾಯ್, ನಿಮ್ಮ ಮಂಡಿ ನೋವು' ಎಂದು, ಹೆತ್ತ ತಾಯಿಯನ್ನು ಕರೆದ ಹಾಗೆ ನಾನಾಯ್ ಎಂದು ಕರೆದು, ಚಪ್ಪಲಿ ಮೆಟ್ಟಿದೆ. ನಾನು ಎಷ್ಟು ಜೋರಾಗಿ ಗದರಿದೆನೆಂದರೆ ನೀನು ಮೆಟ್ಟಿದ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದೆ. ಕಾಸ್ಟೋ ಮಾತ್ರ ಒಂದು ದಿನವೂ ಬೈಯಲಿಲ್ಲ. ತಿರುಚಿದ ಬಾಯಲ್ಲಿ ಒಂದೊಂದೇ ಅಕ್ಷರ ಹೆಕ್ಕಿ, 'ಸೊಸೆ ಹೇಗಿದ್ದಾಳೆ ಅಕ್ಕ, ಬ್ರೆಡ್ಡು ಚೆನ್ನಾಗ್ ಮಾಡ್ತಾಳಂತಲ್ಲ' ಎಂದು ಕೇಳಿದ್ದ. ನಿನ್ನ ಬ್ರೆಡ್ಡು ಒಂದು ಚೂರೂ ಅವನಿಗೆ ಒಯ್ದು ಕೊಡಲಿಲ್ಲ, ನೀನು ಎಣಿಸಿ ಇಟ್ಟಿದ್ದರೆ ಯಾರಿಗೆ ಎಂದು ಕೇಳಿಬಿಟ್ಟೀಯೆಂಬ ಹೆದರಿಕೆ.

ಎರಡನೆಯದು ನಿನಗೆ ಗೊತ್ತಿರುವುದೇ, ಆದರೆ ಒಳಗಿನಿಂದ ಗೊತ್ತಿಲ್ಲ. ಅನ್ಸೆಲ್ಮೋನಿಗೆ ಮೂವತ್ತೆಂಟು ನಡೆಯುವಾಗ ಹಡಗಿನ ಬಡಗಿ ಕೆಲಸದಲ್ಲಿ ಸುತ್ತಿಗೆ ಕೈಜಾರಿತು ಎಂದು ಮನೆಗೆ ಬಂದನಲ್ಲ, ಆ ದಿನ ಅವನು ಹೊಸ್ತಿಲು ದಾಟುವಾಗಲೇ ನನಗೆ ಗೊತ್ತಾಯಿತು. ಪಾದ ಒಳಕ್ಕೆ ತಿರುಗಿತ್ತು. ಕಾಸ್ಟೋನ ಪಾದವೇ. ನಾನು ಹಿತ್ತಿಲಿಗೆ ಹೋಗಿ ಕೋಳಿಗೂಡಿನ ಹಿಂದೆ ಕೂತು ಅತ್ತೆ. ಅತ್ತು ಮುಗಿಸಿ ಬಂದು ಯಾರ ಮೇಲೆ ಹಾಕಲಿ ಎಂದು ಸುತ್ತ ನೋಡಿದೆ, ನೀನು ಕಂಡೆ. ಸಿಕಿಹೋರಿನವಳು, ಮಾಟದ ದ್ವೀಪದವಳು! ಊರಿಗೆ ನಂಬಲು ಇನ್ನೇನು ಬೇಕು? ನಮ್ಮ ಬುದ್ಧಿ ನೋಡು. ಮನಿಲಾದಲ್ಲಿ ನಮ್ಮ ಕಾಪಿಸ್ ಹೆಸರು ಬಾಯಿಬಿಟ್ಟರೆ ಸಾಕು, ಹಗಲು ಹೆಂಗಸಾಗಿದ್ದು ಕತ್ತಲಾದ ಮೇಲೆ ರಕ್ತ ಹೀರುವ ಅಸ್ವಾಂಗ್‌ಗಳ ಊರು ಎಂದು ಜನ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾಲಿಗೆ ಹೊರಚಾಚಿ ಮೈ ತಿರುಚುವ ನಮ್ಮ ಗಂಡಸರನ್ನು ನೋಡಿಯೇ ಆ ಕಥೆ ಹುಟ್ಟಿರಬೇಕೆಂದು ಕೆಲವರು ಹೇಳುತ್ತಾರೆ. ಅದನ್ನು ಕೇಳಿ ಜೀವಮಾನವಿಡೀ ನೊಂದವಳು ನಾನು, ಅದನ್ನೇ ತಿರುಗಿಸಿ ನಿನ್ನ ಮೇಲೆ ಹೊರಿಸಿದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವುದು ಎಂದರೆ ಇದೇ.

ಮಂತ್ರವಾದಿಯನ್ನು ಕರೆಸಿದ್ದು ನಾನು. ಅಡುಗೆಮನೆಯ ಮೂಲೆಯಲ್ಲಿ ನಿನ್ನ ಹುಳಿಹಿಟ್ಟಿನ ಭರಣಿ ಇದೆ, ಅದು ರಾತ್ರಿ ಬೆಳಗಾಗುವುದರಲ್ಲಿ ಉಬ್ಬುತ್ತದೆ, ಕಳ್ಳಿನ ವಾಸನೆ ಬರುತ್ತದೆ ಎಂದು ಅವನ ಕಿವಿಯಲ್ಲಿ ಮೊದಲೇ ಊದಿದ್ದೂ ನಾನೇ. ಅದು ನಿನ್ನ ಅಜ್ಜಿ ನಿನ್ನ ತಾಯಿಗೆ, ನಿನ್ನ ತಾಯಿ ನಿನಗೆ ಕೊಟ್ಟದ್ದು, ಅದಿಲ್ಲದೆ ನಿಮ್ಮೂರ ಬ್ರೆಡ್ಡಿಗೆ ಆ ರುಚಿ ಬರುವುದಿಲ್ಲ ಎಂದು ನೀನೇ ಮೊದಲ ವಾರ ಮುಚ್ಚಳ ತೆಗೆದು ತೋರಿಸಿದ್ದೆ. ಗೊತ್ತಿದ್ದೂ ಜಗಲಿಯ ಮೇಲೆ ನಿಂತು ನೆರೆಹೊರೆಯವರ ಎದುರು, ಇದೇ ಮಾಟದ ಭರಣಿ ಎಂದು ಅವನ ಬಾಯಲ್ಲಿ ಹೇಳಿಸಿ, ಅದನ್ನು ಮಣ್ಣಿಗೆ ಸುರಿಸಿದೆ. ನೀನು ಕೈ ಮುಗಿಯಲಿಲ್ಲ, ಕೂಗಲಿಲ್ಲ. 'ಅದು ಹಿಟ್ಟು ನಾನಾಯ್, ಬರೀ ಹಿಟ್ಟು' ಎಂದು ಮೆಲ್ಲಗೆ ಹೇಳಿದೆ. ಒಳಗೆ ಅನ್ಸೆಲ್ಮೋ 'ವೆ, ವೆ' ಎಂದು ಒದ್ದಾಡುತ್ತಿದ್ದ. ನಿನ್ನನ್ನು ಕಂಡು ಹೆದರಿ ಒದರುತ್ತಿದ್ದಾನೆ ಎಂದು ಜನರಿಗೆ ಹೇಳಿದೆ. ಅವನು ನಿನ್ನನ್ನು ಕರೆಯುತ್ತಿದ್ದ, ವೆನಿಂಗ್. ನೀನು ಹೋದ ಮೇಲೂ ಆರು ವರ್ಷ ಕರೆದ. ಕೊನೆಯ ವಾರ ಗಂಟಲಲ್ಲಿ ನೀರೂ ಇಳಿಯದಾದಾಗ ಬಾಯಲ್ಲಿ ಉಳಿದದ್ದು ಅದೊಂದೇ ಅಕ್ಷರ.

ಇನ್ನು ಮಕ್ಕಳ ವಿಷಯ. ಮಾಟಗಾತಿ ಎಂಬ ಹೆಸರು ಹೊತ್ತು ನೀನು ಊರು ಬಿಡುವ ದಿನ ಜೀಪಿನ ಹತ್ತಿರ ನಿಂತು ನಾನು ಆಡಿದ ಮಾತು ನಿನಗೆ ಮರೆತಿರಲಾರದು. 'ಹುಡುಗೀನ ಕರ್ಕೊಂಡು ಹೋಗು, ಹೆಣ್ಮಕ್ಕಳಿಗೆ ಈ ಮಾಟ ತಟ್ಟಲ್ಲ. ಹುಡುಗ ನಮ್ಮ ರಕ್ತ, ಅವನ ಮೇಲೆ ನಾನು ಕಣ್ಣಿಡ್ಬೇಕು' ಎಂದೆ. ಆಂದ್ರೋ ಎಲ್ಲಿ ಎಂದು ನೀನು ಕೇಳಿದಾಗ, ನಿನ್ನ ಜತೆ ಬರುವುದಿಲ್ಲವೆಂದು ಅತ್ತು ಎಲ್ಲೋ ಬಚ್ಚಿಟ್ಟುಕೊಂಡಿದ್ದಾನೆ ಎಂದೆ. ಅದು ಸುಳ್ಳು. ಬೆಳಿಗ್ಗೆಯೇ ಏಡಿ ಹಿಡಿದು ತಾರೋ ಎಂದು ಹೊಂಡಕ್ಕೆ ಕಳಿಸಿದ್ದೆ. ನೀನು ಎರಡು ಜೀಪು ಬಿಟ್ಟು ಕಾದೆ. ಮೂರನೆಯದಕ್ಕೆ ಮಿಲಾ ಬಿಸಿಲಿಗೆ ಅಳತೊಡಗಿದಳು, ಹತ್ತಿದೆ. ಜೀಪು ತಿರುವು ದಾಟುವ ತನಕ ನೀನು ಹಿಂದಕ್ಕೆ ತಿರುಗಿಯೇ ಕೂತಿದ್ದೆ. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಕಣ್ಣಿಡುವುದು ಎಂದರೆ ಏನು ಗೊತ್ತೇ? ಒಂಬತ್ತು ವರ್ಷದ ಹುಡುಗನನ್ನು ದಿನಾ ಬೆಳಿಗ್ಗೆ ಅಂಗಳದಲ್ಲಿ ಒಂಟಿಕಾಲಲ್ಲಿ ನಿಲ್ಲಿಸಿ ನಲವತ್ತರ ತನಕ ಎಣಿಸುತ್ತಿದ್ದೆ. ಮೊದಲು ಎಡಗಾಲು, ಆಮೇಲೆ ಬಲಗಾಲು. ನಂತರ ನಾಲಿಗೆ ಚಾಚಿಸಿ ನಡುಗುತ್ತದೆಯೇ ಎಂದು ನೋಡುತ್ತಿದ್ದೆ. ತಿಂಗಳಿಗೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಅವನ ಪೂರ್ತಿ ಹೆಸರು ಬರೆಸಿ ಹಿಂದಿನ ತಿಂಗಳ ಅಕ್ಷರದ ಜತೆ ಹೋಲಿಸುತ್ತಿದ್ದೆ. ಈ ಉಪಾಯ ನಮ್ಮ ಕಡೆ ಬಹಳ ಮನೆಗಳಲ್ಲಿದೆ, ನಾನೊಬ್ಬಳೇ ಹುಚ್ಚಿಯಲ್ಲ, ಆದರೆ ಹುಚ್ಚರಲ್ಲಿ ನಾನೇ ಮೊದಲಿಗಳು. ಅವನು ಎಡವಿದರೆ ನನ್ನ ಎದೆ ಒಡೆಯುತ್ತಿತ್ತು, ನನ್ನ ಮುಖ ನೋಡಿ ಅವನದೂ. ಹದಿನೇಳಕ್ಕೆ ಇಲೋಯ್ಲೋದ ನಾವಿಕ ಶಾಲೆಯಲ್ಲಿ ಸೀಟು ಸಿಕ್ಕಿತು. ತಿರುಚುವ ಕಾಲಿಟ್ಟುಕೊಂಡು ಹಡಗು ಹತ್ತುತ್ತೀಯಾ ಎಂದೆ, ಹೋಗಲಿಲ್ಲ. ನೆರಿಸಾ ಎಂಬ ಹುಡುಗಿ, ಮೀನು ಒಣಗಿಸುವವರ ಮಗಳು, ನಾಲ್ಕು ವರ್ಷ ಇವನಿಗಾಗಿ ಕಾದಳು. ಅವನೇ ಅವಳನ್ನು ಕೂರಿಸಿಕೊಂಡು ತನ್ನ ಅಪ್ಪ ಸತ್ತ ರೀತಿಯನ್ನು ಒಂದೊಂದಾಗಿ ಹೇಳಿ ಕಳಿಸಿಬಿಟ್ಟ. ಅವಳೀಗ ದುಬೈಯಲ್ಲಿದ್ದಾಳೆ, ಮದುವೆಯಾಗಿದೆಯಂತೆ. ಇವನು ಕಾಸ್ಟೋ ಸತ್ತ ಅದೇ ಹೊಂಡದಲ್ಲಿ ತೂಬು ಎತ್ತುತ್ತಾ ಇಳಿಸುತ್ತಾ ಇಪ್ಪತ್ತೈದು ಮುಟ್ಟಿದ. ಹೊಸ ಬಟ್ಟೆ ಕೊಳ್ಳು ಎಂದರೆ 'ಹಾಕ್ಕೊಳ್ಳೋಕೆ ಎಷ್ಟ್ ದಿನ ಇದೆ ಬಿಡು' ಎಂದು ನಗುತ್ತಿದ್ದ. ಆ ನಗು ನನ್ನದೇ ಕೊಡುಗೆ.

ಜನವರಿಯಲ್ಲಿ ಈ ಕಾಯಿಲೆಯ ಲೆಕ್ಕ ತೆಗೆಯುವ ತಂಡ ಊರಿಗೆ ಬಂತು. ನಮ್ಮ ಮನೆಗೆ ಬಂದವಳು ಡೆಲಿಯಾ ಎಂಬ ನರ್ಸು. ದಪ್ಪಗೆ, ನಗುಮುಖ, ಕೊಟ್ಟ ಕಾಫಿಗೆ ಮೂರು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡಳು. ದೊಡ್ಡ ಹಾಳೆ ಹಾಸಿ ಮನೆತನದ ನಕ್ಷೆ ಬರೆಯುತ್ತಾಳೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು, ಕಾಯಿಲೆ ಬಂದವರ ಚೌಕಕ್ಕೆ ಕಪ್ಪು ತುಂಬುತ್ತಾಳೆ. ನಿಮಗೆ ಅಣ್ಣತಮ್ಮಂದಿರು ಎಷ್ಟು ಜನ ಲೋಲಾ ಎಂದು ಕೇಳಿದಳು, ಅಷ್ಟೇ ಕೇಳಿದ್ದು. ನಾನು ತಟಕ್ಕನೆ, 'ಒಬ್ಬನೇ, ತೆಂಗಿನ ಮರದಿಂದ ಬಿದ್ದು ಹೋದ' ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವಳು ವಾದ ಮಾಡಲಿಲ್ಲ. ಚೀಲದಿಂದ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟಳು. ಹಿಂದಿನ ವಾರ ಪಕ್ಕದ ಊರಿನಲ್ಲಿ ನಮ್ಮ ಸೋದರಮಾವನ ಮೊಮ್ಮಕ್ಕಳ ಮನೆಯಲ್ಲಿ ಬರೆದದ್ದು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆ ಅದರಲ್ಲಿತ್ತು. ಕಾಸ್ಟೋ, ಕಪ್ಪು ಚೌಕ. ಪಕ್ಕದಲ್ಲಿ ಒಂದು ಸುತ್ತು, ಕೆಳಗೆ ನನ್ನ ಹೆಸರು. ಡೆಲಿಯಾ ಪೆನ್ನು ತೆಗೆದು ಆ ಸುತ್ತಿನ ನಡುವೆ ಒಂದು ಚುಕ್ಕೆ ಇಟ್ಟಳು. ಕಾಯಿಲೆ ಇಲ್ಲದೆ ಅದನ್ನು ಹೊತ್ತು ದಾಟಿಸುವ ಹೆಂಗಸರಿಗೆ ಚುಕ್ಕೆಯಂತೆ. ನಮ್ಮ ತಾಯಿಗೂ ಇತ್ತು. ಆಂದ್ರೋ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಇಪ್ಪತ್ತಾರು ವರ್ಷ ಕಾಪಾಡಿದ ತೆಂಗಿನ ಮರ ಅಲ್ಲೇ ಉರುಳಿ ಬಿತ್ತು.

ಆಮೇಲೆ ಅವಳು ಬಿಡಿಸಿ ಹೇಳಿದಳು, ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ನಮ್ಮ ಮೈಯನ್ನು ನಡೆಸುವುದಕ್ಕೆ ಒಳಗೆ ಒಂದು ಬರಹ ಇದೆಯಂತೆ, ಅಪ್ಪ ಅಮ್ಮನಿಂದ ಬರುವುದು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಲ್ಲಿಂದಲೋ ಬಂದು ಸೇರಿಕೊಂಡ ತುಣುಕುಗಳು. ಅವು ತಮ್ಮನ್ನೇ ನಕಲು ಮಾಡಿಕೊಳ್ಳುತ್ತವೆ, ಆ ನಕಲು ಹೋಗಿ ಬರಹದ ಇನ್ನೊಂದು ಕಡೆ ಕೂರುತ್ತದೆ. ಈಗ ಬಹುಪಾಲು ಜಡವಾಗಿವೆ, ಕೆಲವು ಇನ್ನೂ ಓಡಾಡುತ್ತವೆ. ನಾನು ಕಣ್ಣುಕಣ್ಣು ಬಿಡುತ್ತಿದ್ದೆ. ಆಂದ್ರೋ ಬಾಗಿಲಿನಿಂದಲೇ, 'ಸಿಂಪಿ ಮರಿ ಹಾಗಾ? ನೀರಲ್ಲಿ ತೇಲ್ಕೊಂಡು ಬಂದು ಬಿದಿರ ಗೂಟಕ್ಕೆ ಅಂಟ್ಕೊಳ್ಳೋ ಹಾಗೆ?' ಎಂದ. ಅವಳು ಮೊಣಕಾಲು ತಟ್ಟಿ ನಕ್ಕಳು, ಅದೇ ಅದೇ, ಇನ್ನು ಮುಂದೆ ಎಲ್ಲ ಮನೆಯಲ್ಲೂ ಹೀಗೇ ಹೇಳುತ್ತೇನೆ ಎಂದಳು. ಹೆಚ್ಚಿನ ಸಿಂಪಿ ಗೂಟಕ್ಕೆ ಅಂಟಿ ಸುಮ್ಮನಿರುತ್ತವೆ, ಯಾರಿಗೂ ಕೆಡುಕಿಲ್ಲ. ಕೆಲವು ಉಪಕಾರವನ್ನೂ ಮಾಡಿವೆ. ಯಾವುದೋ ಕಾಲದಲ್ಲಿ ರೋಗದ ಹಾಗೆ ಬಂದು ಸೇರಿದ ಒಂದು ತುಣುಕನ್ನು ಮೈ ಪಳಗಿಸಿಕೊಂಡಿದೆ, ತಾಯಿಯ ಗರ್ಭಕ್ಕೆ ಮಗು ಅಂಟಿಕೊಂಡು ಬೆಳೆಯುವುದಕ್ಕೆ ಇವತ್ತಿಗೂ ಅದರ ಸಹಾಯ ಬೇಕಂತೆ. ಮನುಷ್ಯ ಮನುಷ್ಯನಾದದ್ದೇ ಇಂಥವು ಬಂದು ಕೂತು ಕೂತು, ಲೋಲಾ, ಎಂದಳು. ಆದರೆ ನೂರಾರು ವರ್ಷಗಳ ಹಿಂದೆ, ಇದೇ ನಮ್ಮ ದ್ವೀಪದಲ್ಲಿ, ಯಾರೋ ಒಬ್ಬರ ಮೈಯಲ್ಲಿ ಅಂಥ ಒಂದು ತುಣುಕು ಕೂರಬಾರದ ಜಾಗದಲ್ಲಿ ಕೂತುಬಿಟ್ಟಿತು. 'ತೂಬಿನ ಸಂದೀಲಿ' ಎಂದ ಆಂದ್ರೋ. ಹೌದು, ತೂಬಿನ ಹಲಗೆ ಇಳಿಯುವ ಸಂದಿಯಲ್ಲಿ ಒಂದೇ ಒಂದು ಸಿಂಪಿ ಕೂತರೆ ಹಲಗೆ ಪೂರ್ತಿ ಏಳುವುದೂ ಇಲ್ಲ, ಪೂರ್ತಿ ಇಳಿಯುವುದೂ ಇಲ್ಲ. ಮೂವತ್ತೈದು ನಲವತ್ತು ವರ್ಷ ಹೇಗೋ ನೀರು ಆಡುತ್ತದೆ, ಆಮೇಲೆ ಹೊಂಡ ಕೆಡುತ್ತದೆ. ಆ ತುಣುಕಿಗೆ ಒಂದು ಬಾಲವಿದೆಯಂತೆ, ಅದು ಉದ್ದವಿದ್ದವರಿಗೆ ಕಾಯಿಲೆ ಬೇಗ, ಗಿಡ್ಡವಿದ್ದವರಿಗೆ ತಡವಾಗಿ. ಆ ಒಬ್ಬರಿಂದಲೇ ನಮ್ಮೆಲ್ಲರಿಗೂ ಬಂದದ್ದು. ಮಾಟವಲ್ಲ, ಶಾಪವಲ್ಲ, ಹುಳಿಹಿಟ್ಟಲ್ಲ. ಅನ್ಸೆಲ್ಮೋನಿಗೆ ಅದನ್ನು ಕೊಟ್ಟವಳು ನಾನು, ನನ್ನ ಹೊಟ್ಟೆಯಿಂದ.

ಅಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ, ಹೊತ್ತದ್ದು ನನ್ನ ತಪ್ಪಲ್ಲ ಎಂದು ಡೆಲಿಯಾ ಕೈಹಿಡಿದು ಹೇಳಿದಳು. ಆಮೇಲೆ ಅವಳು ಆಂದ್ರೋನ ಚೌಕಕ್ಕೆ ಬಂದಳು. ಅದನ್ನು ಖಾಲಿ ಬಿಟ್ಟಳು. ಯಾಕೆ ತುಂಬಲಿಲ್ಲ, ಇನ್ನೂ ಗೊತ್ತಿಲ್ಲವೆಂದೇ ಎಂದು ಅವನು ಕೇಳಿದ. ಇಲ್ಲ, ಇದು ನಿನಗೆ ಬರಲು ಸಾಧ್ಯವೇ ಇಲ್ಲ ಎಂದಳು. ಒಳಗಿನ ಬರಹ ಹಲವು ಎಳೆಗಳಲ್ಲಿದೆ, ಆ ತುಣುಕು ಕೂತಿರುವ ಎಳೆಯನ್ನು ಅಪ್ಪ ಮಗನಿಗೆ ಕೊಡುವುದೇ ಇಲ್ಲವಂತೆ. ಗಂಡಾಗಿ ಹುಟ್ಟಲು ಅಪ್ಪನಿಂದ ಬೇರೊಂದು ಎಳೆ ಬರುತ್ತದೆ. ಕಾಯಿಲೆಯವನ ಗಂಡುಮಗ ಹುಟ್ಟಿದ ದಿನದಿಂದಲೇ ಪಾರು. ಆಂದ್ರೋ ನನ್ನ ಕಡೆ ನೋಡದೆ, 'ಹಾಗಾದ್ರೆ ನಾನು ಇಷ್ಟ್ ವರ್ಷ ಕಾದಿದ್ದು ಯಾವ್ದಕ್ಕೆ?' ಎಂದ. ಬೈದಿದ್ದರೆ ಚೆನ್ನಾಗಿತ್ತು. ಬಾಯಿಮಾತು ಬೇಡ, ರಕ್ತ ತೆಗೆದುಕೊಳ್ಳಿ ಎಂದು ತೋಳು ಚಾಚಿದ. ಈ ಮನೆಯಲ್ಲಿ ಬಾಯಿಮಾತಿನ ಬೆಲೆ ಅಷ್ಟು. ಮೂರು ವಾರಕ್ಕೆ ಕಾಗದ ಬಂತು, ಡೆಲಿಯಾ ಹೇಳಿದ್ದೇ ಅದರಲ್ಲಿತ್ತು. ಮರುದಿನ ಬೆಳಿಗ್ಗೆ ನಾನು ಅಕ್ಕಿ ತೊಳೆಯುತ್ತಿದ್ದೆ, ಅವನು ಅಭ್ಯಾಸಬಲದಿಂದ ಅಂಗಳಕ್ಕೆ ಬಂದು ಎಡಗಾಲು ಎತ್ತಿ ನಿಂತ. ಹತ್ತೋ ಹನ್ನೆರಡೋ ಎಣಿಸಿರಬೇಕು. ನೆನಪಾಯಿತು. ಕಾಲು ಮೆಲ್ಲಗೆ ಕೆಳಗಿಟ್ಟು, ಎರಡೂ ಕಾಲಿನ ಮೇಲೆ ನಿಂತು ಅತ್ತ. ನಾನು ಹತ್ತಿರ ಹೋಗುವ ಯೋಗ್ಯತೆ ಉಳಿಸಿಕೊಂಡಿರಲಿಲ್ಲ, ಅಕ್ಕಿಯ ಪಾತ್ರೆ ಹಿಡಿದು ಒಳಗೇ ನಿಂತೆ.

ಈಗ ಮಿಲಾಳ ಮಾತು. ನಾನು ಜೀಪಿನ ಹತ್ತಿರ ಹೇಳಿದ್ದು ಪೂರ್ತಿ ತಲೆಕೆಳಗು, ವೆನಿಂಗ್. ಅಪ್ಪನ ಆ ಎಳೆ ಮಗನಿಗೆ ಹೋಗುವುದಿಲ್ಲ, ಆದರೆ ಪ್ರತಿಯೊಬ್ಬ ಮಗಳಿಗೂ ಹೋಗುತ್ತದೆ. ಮಿಲಾಳ ಮೈಯಲ್ಲಿ ಆ ತುಣುಕು ಇದೆ, ಇದರಲ್ಲಿ ಅನುಮಾನವಿಲ್ಲ. ಹೊತ್ತ ಹೆಂಗಸರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನಾನೇ ಇದ್ದೇನಲ್ಲ, ಎಪ್ಪತ್ತೆಂಟಕ್ಕೂ ನಾಲಿಗೆ ನೆಟ್ಟಗಿದೆ. ಆದರೆ ಅವಳಿಗೆ ಹುಟ್ಟುವ ಮಗು ಗಂಡಾದರೆ ಅದಕ್ಕೆ ಇರಬಹುದು, ಇಲ್ಲದೆಯೂ ಇರಬಹುದು, ಎರಡಕ್ಕೂ ಸಮ ಸಮ. ಹೆಣ್ಣಾದರೆ ಅವಳ ಹಾಗೇ ಹೊರಬಹುದು, ಹೊರದಿರಬಹುದು. ನಾನು ಕಾಯಬೇಕಾದವಳನ್ನು ಬಿಟ್ಟು, ಕಾಯಬೇಕಿಲ್ಲದವನನ್ನು ಕಟ್ಟಿಹಾಕಿದೆ. ಇದನ್ನು ತಂಗಿಗೆ ಹೇಳು ಎಂದು ಆಂದ್ರೋನನ್ನು ಕೇಳಿದೆ. 'ನಾನ್ ಹೇಳಲ್ಲ ಲೋಲಾ. ಶುರು ಮಾಡಿದ್ದು ನೀನು, ನೀನೇ ಬರಿ' ಎಂದ. ಸರಿಯಾಗಿಯೇ ಹೇಳಿದ. ಡೆಲಿಯಾಳ ನಂಬರು ಅವನ ಹತ್ತಿರ ಇದೆ. ಮಿಲಾಳ ಜತೆ, ಅವಳ ಗಂಡನ ಜತೆ ಕೂತು ಮಾತಾಡುತ್ತೇನೆ, ಪರೀಕ್ಷೆ ಮಾಡಿಸುವುದೋ ಬಿಡುವುದೋ ಅವರಿಷ್ಟ ಎಂದಿದ್ದಾಳೆ. ಈಗ ಮೆದುಳಿಗೆ ತಂತಿ ಇಟ್ಟು ತಿರುಚುವುದನ್ನು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯೂ ಇದೆಯಂತೆ, ಆ ಮಗು ನಲವತ್ತಾಗುವ ಹೊತ್ತಿಗೆ ಇನ್ನೇನು ಬರುತ್ತದೋ. ನಿನ್ನಲ್ಲಿ ನನ್ನದೊಂದೇ ಬೇಡಿಕೆ. ಮಿಲಾಗೆ ಎಲ್ಲವನ್ನೂ ಹೇಳು, ಕಾಸ್ಟೋನಿಂದ ಹಿಡಿದು, ಆದರೆ ಒಂದೇ ಸಲ ಹೇಳಿ ಮುಗಿಸು. ಗಂಡು ಹುಟ್ಟಿದರೆ ಆ ಮಗುವನ್ನು ಯಾರೂ ಅಂಗಳದಲ್ಲಿ ಒಂಟಿಕಾಲಲ್ಲಿ ನಿಲ್ಲಿಸದ ಹಾಗೆ ನೋಡಿಕೋ. ಅದು ಎಡವಿದರೆ ಎಡವಲಿ. ಮಕ್ಕಳು ಎಡವುತ್ತಾರೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುವ ಪೈಕಿ, ಅದು ನನಗೆ ಬಹಳ ಅಗ್ಗವಾಗುತ್ತದೆ. ಕಾಸ್ಟೋನ ಸಮಾಧಿಗೆ ಈಗ ಹೆಸರು ಬರೆಸಿದ್ದೇನೆ, ಯಾವ ಕಾಯಿಲೆಯೆಂದು ಕೇಳಿದವರಿಗೆ ಹೇಳುತ್ತೇನೆ. ನಿನ್ನ ಭರಣಿಯ ವಿಷಯವನ್ನೂ ಹೋದ ಭಾನುವಾರ ಚರ್ಚಿನ ಮುಂದೆ, ಅಂದು ಜಗಲಿಯ ಕೆಳಗೆ ನಿಂತು ನೋಡಿದವರ ಪೈಕಿ ಬದುಕಿರುವ ಏಳು ಜನಕ್ಕೆ ಹೇಳಿದೆ. ಇಬ್ಬರು ನನ್ನ ಜತೆ ಮಾತು ಬಿಟ್ಟಿದ್ದಾರೆ, ಬಿಡಲಿ. ಮಿಲಾಗೆ, ಅವಳ ಗಂಡನಿಗೆ, ಹುಟ್ಟುವ ಮಗುವಿಗೆ ನನ್ನ ಆಶೀರ್ವಾದ, ಈ ಬಾಯಿಂದ ಬಂದದ್ದಾದರೂ ತಟ್ಟುವುದಾದರೆ ತಟ್ಟಲಿ. ನಿನ್ನ ಅಪ್ಪನ ಸಮಾಧಿಗೆ ಹೋದಾಗ, ತೆಂಗಿನ ಮರದ ಮಾತು ಸುಳ್ಳೆಂದು ನನ್ನ ಪರವಾಗಿ ಹೇಳಿಬಿಡು.

ನಿನ್ನ ಅತ್ತೆಯಾಗಿದ್ದವಳು,
ಪುರಿಫಿಕಾಸಿಯೋನ್

ಮರೆತ ಮಾತು: ಮರೆತೆ ಎಂದರೆ ಅದೂ ಸುಳ್ಳಾದೀತು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಜೀಪು ಬಂತೆಂದು ಆಂದ್ರೋ ಕೂಗುತ್ತಿದ್ದಾನೆ, ಪತ್ರ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹೋಗುತ್ತಿರುವುದು ತಂಗಿಯನ್ನು ನೋಡಲು, ನಿನ್ನನ್ನಲ್ಲ. ನಿನ್ನ ಹೆಸರೆತ್ತಬಾರದೆಂದು ಮಿಲಾಗೆ ಮೊದಲ ದಿನವೇ ಷರತ್ತು ಹಾಕಿದ್ದಾನೆ. ಯಾಕೆಂದರೆ ನೀನು ಹೋದ ಸಂಜೆ ಅವನು ಏಡಿಯ ಬುಟ್ಟಿ ಹಿಡಿದು ಬಂದು ಅಮ್ಮ ಎಲ್ಲಿ ಎಂದಾಗ, 'ನಿಂಗೂ ಅಪ್ಪನ ಕಾಯ್ಲೆ ಬರುತ್ತೆ ಅಂತ ನಿನ್ನ ಬಿಟ್ಟು ಹೋದ್ಳು' ಎಂದೆ. ಆಮೇಲೆ ನೀನು ಎರಡು ಸಲ ಬಂದೆ, ಎರಡು ಸಲವೂ ಅವನನ್ನು ಬೇರೆ ಊರಿಗೆ ಕಳಿಸಿದ್ದೆ, ನೀನು ಬಂದದ್ದೇ ಅವನಿಗೆ ಗೊತ್ತಿಲ್ಲ. ಇದನ್ನು ಅವನ ಎದುರು ನಿಂತು ಹೇಳಲು ನನ್ನಿಂದಾಗಲಿಲ್ಲ. ಲಕೋಟೆಗೆ ಅಂಟು ಹಾಕಿಲ್ಲ, ಹಡಗಿನಲ್ಲಿ ಕೂತು ನೀನೂ ಓದು ಎಂದು ಹೇಳಿ ಕೊಡುತ್ತೇನೆ. ಇದು ನಿನ್ನ ಕೈ ಸೇರಿದ್ದರೆ ಅವನು ಎಲ್ಲ ಓದಿಯೂ ಬಂದಿದ್ದಾನೆ. ಮಿಲಾ ತಂದುಕೊಟ್ಟರೆ ಅವನು ಹೊರಗೆಲ್ಲೋ ನಿಂತಿರುತ್ತಾನೆ, ಹೋಗಿ ಕರೆ. ನಡಿಗೆ ಥೇಟು ಅನ್ಸೆಲ್ಮೋನದು, ಕಾಯಿಲೆಗೆ ಮುಂಚಿನದು, ಕಂಡು ಗಾಬರಿಯಾಗಬೇಡ. ನಿನ್ನ ಬ್ರೆಡ್ಡಿನ ರುಚಿ ಅವನಿಗೆ ಇನ್ನೂ ನೆನಪಿದೆ. ಅವನಾಗಿ ಕೇಳುವುದಿಲ್ಲ, ನೀನೇ ಕೊಡು.